ಗಣಕದ ಬಾಗಿಲು ರಿಪೇರಿಯಾದ ಕತೆ

ರೈಲಿನ ಟಿಕೆಟ್ ಕಾದಿರಿಸಲು ಒಬ್ಬರು ಫೋನಿನ ಮೇಲೆ ಬೆರಳಿಡುತ್ತಾರೆ. ಬ್ಯಾಂಕಿನ ಕೌಂಟರಿನಲ್ಲಿ ಗುಮಾಸ್ತರೊಬ್ಬರು ಗ್ರಾಹಕರ ಖಾತೆಯ ಸಂಖ್ಯೆ ಒತ್ತುತ್ತಾರೆ. ಪರದೇಶದಲ್ಲಿರುವ ಮಗ ಊರಿನಲ್ಲಿರುವ ತಾಯಿಗೆ ನಾಲ್ಕು ಸಾಲಿನ ಸಂದೇಶ ಕಳಿಸುತ್ತಾನೆ. ಮೂರು ಕಡೆಯೂ ಪರದೆಯ ಹಿಂದೆ ನಡೆಯುವ ಕೆಲಸ ಒಂದೇ. ಒಂದು ಗಣಕ ಇನ್ನೊಂದು ಗಣಕದ ಬಾಗಿಲು ತಟ್ಟುತ್ತದೆ. ಅದು ತೆರೆದರೆ ಮಾತು ಶುರುವಾಗುತ್ತದೆ.

ತಂತ್ರಾಂಶ ಬರೆಯುವವರ ಭಾಷೆಯಲ್ಲಿ ಈ ಬಾಗಿಲಿನ ಹೆಸರು ‘ಸಾಕೆಟ್’. ಮನೆಯ ಗೋಡೆಯಲ್ಲಿರುವ ಪ್ಲಗ್ ಪಾಯಿಂಟಿಗೂ ಇದೇ ಹೆಸರು. ಗುಣವೂ ಹೆಚ್ಚುಕಡಿಮೆ ಇದೇ. ಇಸ್ತ್ರಿಪೆಟ್ಟಿಗೆಯ ಪಿನ್ನು ಸಿಕ್ಕಿಸುವವರಿಗೆ ವಿದ್ಯುತ್ತು ನೀರಿನಿಂದ ಹುಟ್ಟಿತೋ ಕಲ್ಲಿದ್ದಲಿನಿಂದ ಹುಟ್ಟಿತೋ ತಿಳಿದಿರಬೇಕಾಗಿಲ್ಲ. ಹಾಗೆಯೇ ಸಾಕೆಟ್ ಬಳಸುವ ಕ್ರಮವಿಧಿಗೆ ತನ್ನ ಮಾತು ತಾಮ್ರದ ತಂತಿಯಲ್ಲಿ ಹೋಯಿತೋ, ಗಾಜಿನ ಎಳೆಯಲ್ಲಿ ಹೋಯಿತೋ, ಉಪಗ್ರಹದ ಮೂಲಕ ಹೋಯಿತೋ ಎಂಬ ಚಿಂತೆ ಇಲ್ಲ.

ಇಂದು ಜಗತ್ತಿನೆಲ್ಲೆಡೆ ಬಳಕೆಯಲ್ಲಿರುವ ಸಾಕೆಟ್ಟಿನ ಅಚ್ಚು 1983ರದು. ಅಂದಿನ ಗಣಕಗಳು ವಸ್ತುಸಂಗ್ರಹಾಲಯ ಸೇರಿದವು, ಅಚ್ಚು ಮಾತ್ರ ಉಳಿಯಿತು. ಅದರ ಕುಂದುಗಳು ಬಲ್ಲವರಿಗೆಲ್ಲ ಗೊತ್ತಿದ್ದವು. ಆದರೂ ಅದನ್ನು ಕಿತ್ತು ಹೊಸದನ್ನು ಕೂರಿಸಲು ಯಾರಿಂದಲೂ ಆಗಲಿಲ್ಲ. ಹಗಲಿರುಳೂ ಜನ ಓಡಾಡುವ ಬಾಗಿಲನ್ನು ಕೀಳುವುದಾದರೂ ಹೇಗೆ? ಈ ಪ್ರಶ್ನೆಯನ್ನು ಮುಕ್ತ ತಂತ್ರಾಂಶದ ಲೋಕ ಹೇಗೆ ಎದುರಿಸಿತು ಎಂಬುದನ್ನು ತಿಳಿಯಲು ‘ಪೈಥಾನ್’ ಎಂಬ ಪ್ರೋಗ್ರಾಮಿಂಗ್ ಭಾಷೆಯ ಇತಿಹಾಸ ಒಳ್ಳೆಯ ಉದಾಹರಣೆ.

ಬರ್ಕ್ಲಿಯ ಅಚ್ಚು

‘ಸಾಕೆಟ್’ ಎಂಬ ಮಾತು ಈ ಅಚ್ಚಿಗಿಂತ ಹಳೆಯದು. ಅಮೆರಿಕದ ರಕ್ಷಣಾ ಇಲಾಖೆಯ ಹಣದಿಂದ 1969ರಲ್ಲಿ ಆರಂಭವಾದ ಅರ್ಪಾನೆಟ್ ಜಾಲದ ಕಾಗದಪತ್ರಗಳಲ್ಲಿ ಅದು 1970ರಲ್ಲೇ ಕಾಣಿಸಿಕೊಂಡಿತ್ತು. 1971ರಲ್ಲಿ ಅದರ ಅರ್ಥವನ್ನು ಗೊತ್ತುಮಾಡಲೆಂದೇ ಒಂದು ಟಿಪ್ಪಣಿ ಹೊರಬಂತು. 1974ರಲ್ಲಿ ವಿಂಟ್ ಸರ್ಫ್ ಮತ್ತು ರಾಬರ್ಟ್ ಕಾನ್ ಬೇರೆಬೇರೆ ಜಾಲಗಳನ್ನು ಒಂದಾಗಿ ಬೆಸೆಯುವ ನಿಯಮಗಳನ್ನು ಪ್ರಕಟಿಸಿದರು. ಇವೇ ಮುಂದೆ ಟಿಸಿಪಿ/ಐಪಿ ಎಂದು ಹೆಸರಾದವು. 1983ರ ಜನವರಿ 1ರಂದು ಅರ್ಪಾನೆಟ್ ಈ ಹೊಸ ನಿಯಮಗಳಿಗೆ ಬದಲಾಯಿತು.

ನಿಯಮಗಳಿದ್ದರೆ ಸಾಲದು, ಗಣಕದೊಳಗೆ ಅವನ್ನು ಜಾರಿಗೆ ತರುವ ತಂತ್ರಾಂಶವೂ ಬೇಕು. ಅದಕ್ಕೆಂದು ರಕ್ಷಣಾ ಇಲಾಖೆಯ ಸಂಶೋಧನಾ ಸಂಸ್ಥೆ ‘ಡಾರ್ಪಾ’ 1980ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದೊಡನೆ ಒಪ್ಪಂದ ಮಾಡಿಕೊಂಡಿತ್ತು. ಅಲ್ಲಿನ ತಂಡ ಯುನಿಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯನ್ನು ಬೆಳೆಸುತ್ತಿತ್ತು. ಬಿಬಿಎನ್ ಕಂಪನಿಯ ರಾಬ್ ಗುರ್ವಿಟ್ಸ್ ಬರೆದ ಜಾಲದ ತಂತ್ರಾಂಶವನ್ನು ಬರ್ಕ್ಲಿಯ ಬಿಲ್ ಜಾಯ್ ಯುನಿಕ್ಸಿನೊಳಗೆ ಸೇರಿಸಿ, ಅದರ ವೇಗ ಹೆಚ್ಚಿಸಿದರು. 1982ರಲ್ಲಿ ಜಾಯ್ ಸನ್ ಮೈಕ್ರೋಸಿಸ್ಟಮ್ಸ್ ಕಂಪನಿಗೆ ಹೋದ ಮೇಲೆ ಸ್ಯಾಮ್ ಲೆಫ್ಲರ್ ಕೆಲಸ ಮುಂದುವರಿಸಿದರು. 1983ರ ಆಗಸ್ಟಿನಲ್ಲಿ ‘4.2 ಬಿಎಸ್‌ಡಿ’ ಎಂಬ ಹೆಸರಿನಲ್ಲಿ ಅದು ಹೊರಬಂತು.

ಅದರ ಕ್ರಮ ಟೆಲಿಫೋನಿನ ಕ್ರಮಕ್ಕೆ ಹತ್ತಿರದ್ದು. ಮೊದಲು ಒಂದು ಸಾಕೆಟ್ ಮಾಡಿಕೊಳ್ಳುವುದು ಎಂದರೆ ಟೆಲಿಫೋನ್ ಯಂತ್ರ ತಂದಂತೆ. ‘ಬೈಂಡ್’ ಎಂದರೆ ಅದಕ್ಕೆ ನಂಬರು ಪಡೆದಂತೆ, ‘ಲಿಸನ್’ ಎಂದರೆ ಗಂಟೆ ಬಾರಿಸುವುದನ್ನು ಕಾದಂತೆ, ‘ಕನೆಕ್ಟ್’ ಎಂದರೆ ಆ ಕಡೆಯವರು ನಂಬರು ತಿರುಗಿಸಿದಂತೆ, ‘ಆಕ್ಸೆಪ್ಟ್’ ಎಂದರೆ ರಿಸೀವರ್ ಎತ್ತಿದಂತೆ. ಆಮೇಲೆ ಮಾತು ಕಳಿಸುವುದು, ಮಾತು ಪಡೆಯುವುದು. ಯುನಿಕ್ಸಿನಲ್ಲಿ ಕಡತವನ್ನು ಓದಿ ಬರೆಯುವ ರೀತಿಯಲ್ಲೇ ಈ ಬಾಗಿಲಿನಿಂದಲೂ ಓದಬಹುದಿತ್ತು, ಬರೆಯಬಹುದಿತ್ತು. ಸಾವಿರಾರು ಮೈಲಿ ದೂರದ ಗಣಕವೂ ಪಕ್ಕದ ಕಡತದಷ್ಟೇ ಹತ್ತಿರವಾಯಿತು. ಬರ್ಕ್ಲಿಯ ಜಾಣತನವಿದ್ದುದು ಇಲ್ಲಿ.

ಇನ್ನೊಂದು ದೂರದೃಷ್ಟಿಯೂ ಅದರಲ್ಲಿತ್ತು. ಟಿಸಿಪಿ/ಐಪಿಯೇ ಗೆಲ್ಲುತ್ತದೆ ಎಂಬ ಭರವಸೆ ಆಗ ಯಾರಿಗೂ ಇರಲಿಲ್ಲ. ಜೆರಾಕ್ಸ್ ಕಂಪನಿಯ ಜಾಲವೂ ಸೇರಿದಂತೆ ಹಲವು ಪದ್ಧತಿಗಳಿದ್ದವು. ಆದ್ದರಿಂದ ಪ್ರತಿ ವಿಳಾಸದ ಮುಂದೆಯೂ ಅದು ಯಾವ ‘ಕುಟುಂಬ’ಕ್ಕೆ ಸೇರಿದ್ದು ಎಂದು ಹೇಳುವ ಒಂದು ಸಂಖ್ಯೆಗೆ ಜಾಗ ಬಿಟ್ಟಿದ್ದರು. ಆ ಸಣ್ಣ ಜಾಗದ ಬೆಲೆ ತಿಳಿದದ್ದು ಬಹುಕಾಲದ ಮೇಲೆ.

ಎಲ್ಲರ ಅಚ್ಚಾದದ್ದು

ಯುನಿಕ್ಸಿನ ಮೂಲ ಒಡೆಯರಾದ ಎಟಿ ಆಂಡ್ ಟಿ ಕಂಪನಿಯವರು 1980ರ ದಶಕದ ನಡುವೆ ತಮ್ಮದೇ ಆದ ಬೇರೊಂದು ಬಾಗಿಲನ್ನು ಹೊರತಂದರು. ಅದು ಹೆಚ್ಚು ಅಚ್ಚುಕಟ್ಟಾದುದೆಂಬ ವಾದವಿತ್ತು. ಆದರೆ ಬರ್ಕ್ಲಿಯ ಅಚ್ಚು ಆಗಲೇ ವಿಶ್ವವಿದ್ಯಾಲಯಗಳಲ್ಲಿ ಹಬ್ಬಿತ್ತು. 1989ರಲ್ಲಿ ಬರ್ಕ್ಲಿಯವರು ಜಾಲದ ಭಾಗವನ್ನಷ್ಟೇ ಬೇರ್ಪಡಿಸಿ, ಎಟಿ ಆಂಡ್ ಟಿಯ ಪರವಾನಗಿಯಿಲ್ಲದೆ ಯಾರು ಬೇಕಾದರೂ ಬಳಸಬಹುದೆಂದು ಬಿಡುಗಡೆ ಮಾಡಿದರು. 1991ರಲ್ಲಿ ಇನ್ನೂ ದೊಡ್ಡ ಕಂತು ಬಂತು. ಮರುವರ್ಷ ಎಟಿ ಆಂಡ್ ಟಿಯ ಅಂಗಸಂಸ್ಥೆ ಮೊಕದ್ದಮೆ ಹೂಡಿತು. 1994ರಲ್ಲಿ ರಾಜಿಯಾದಾಗ ಸುಮಾರು 18,000 ಕಡತಗಳಲ್ಲಿ ತೆಗೆದುಹಾಕಬೇಕಾಗಿ ಬಂದದ್ದು ಮೂರೇ ಮೂರು. ಅಷ್ಟರಲ್ಲಿ ವಿಂಡೋಸ್ ಗಣಕಗಳಿಗೂ ಅದೇ ಮಾದರಿಯ ‘ವಿನ್‌ಸಾಕ್’ ಸಿದ್ಧವಾಗಿತ್ತು. ಬರ್ಕ್ಲಿಯ ಬಾಗಿಲು ಹೀಗೆ ಎಲ್ಲರ ಬಾಗಿಲಾಯಿತು.

ಎಲ್ಲರದಾದ ಮೇಲೆ ಅದರ ಕುಂದುಗಳೂ ಎಲ್ಲರವಾದವು. ಅವುಗಳಲ್ಲಿ ಮೂರನ್ನು ಇಲ್ಲಿ ಗಮನಿಸಬೇಕು.

ಮೊದಲನೆಯದು ಮೌನ. ಆ ಕಡೆಯ ಗಣಕಕ್ಕೆ ಕರೆಂಟು ಹೋದರೆ, ಇಲ್ಲವೇ ನಡುವಿನ ತಂತಿ ಕಡಿದರೆ, ಈ ಕಡೆಯ ಬಾಗಿಲಿಗೆ ಅದು ತಿಳಿಯುವುದೇ ಇಲ್ಲ. ಉತ್ತರಕ್ಕಾಗಿ ಕಾದು ಕುಳಿತ ಕ್ರಮವಿಧಿ ಕಾಯುತ್ತಲೇ ಇರುತ್ತದೆ. ಎಷ್ಟು ಹೊತ್ತು ಕಾಯಬೇಕೆಂದು ಬರೆಯುವವನೇ ನೆನಪಿಟ್ಟು ಹೇಳಬೇಕು.

ಎರಡನೆಯದು ಜನಸಂದಣಿ. 1983ರ ಅಚ್ಚಿನಲ್ಲಿ ಬಾಗಿಲ ಮುಂದೆ ಕಾಯುವವರ ಸಾಲು ಹೆಚ್ಚೆಂದರೆ 5. ಹಲವು ಸಂಪರ್ಕಗಳನ್ನು ಒಟ್ಟಿಗೆ ನೋಡಿಕೊಳ್ಳಲು ‘ಸೆಲೆಕ್ಟ್’ ಎಂಬ ಉಪಾಯವಿತ್ತು. ಅದು ಹೋಟೆಲಿನ ಮಾಣಿ ಪ್ರತಿ ಮೇಜಿನ ಬಳಿಗೂ ಹೋಗಿ ‘ಏನು ಬೇಕು’ ಎಂದು ಕೇಳುತ್ತ ಸುತ್ತುವ ಹಾಗೆ. ಹತ್ತು ಮೇಜಾದರೆ ಸರಿ. ಸಾವಿರ ಮೇಜಿದ್ದು ಇಬ್ಬರಿಗೆ ಮಾತ್ರ ಕಾಫಿ ಬೇಕಿದ್ದರೂ ಅವನು ಸಾವಿರ ಸಲ ಕೇಳಬೇಕು. ಎಷ್ಟೋ ವ್ಯವಸ್ಥೆಗಳಲ್ಲಿ 1024ಕ್ಕಿಂತ ಹೆಚ್ಚು ಮೇಜನ್ನು ಅವನು ನೋಡಿಕೊಳ್ಳುವಂತೆಯೇ ಇರಲಿಲ್ಲ.

ಮೂರನೆಯದು ವಿಳಾಸ. ಅಂದಿನ ಅಂತರಜಾಲದ ವಿಳಾಸ 32 ಬಿಟ್ಟಿನದು. ಎಲ್ಲ ಸೇರಿ ಸುಮಾರು 429 ಕೋಟಿ ವಿಳಾಸಗಳು. ಕೆಲವು ನೂರು ಗಣಕಗಳಿದ್ದ ಜಾಲಕ್ಕೆ ಅದು ಮುಗಿಯದ ಸಂಪತ್ತು. ಆದ್ದರಿಂದ ವಿಳಾಸ ಬರೆದುಕೊಳ್ಳಲು 16 ಬೈಟಿನ ಒಂದು ಪುಟ್ಟ ಪೆಟ್ಟಿಗೆ ಸಾಕೆಂದು ಎಲ್ಲರೂ ನಂಬಿದರು.

ಪೈಥಾನ್ ಎತ್ತಿಕೊಂಡ ಸಾಲ

ಹಾಲೆಂಡಿನ ಆಮ್‌ಸ್ಟರ್‌ಡ್ಯಾಮಿನಲ್ಲಿರುವ ಗಣಿತ ಮತ್ತು ಗಣಕವಿಜ್ಞಾನ ಸಂಸ್ಥೆಯಲ್ಲಿದ್ದ ಗೀಡೊ ವಾನ್ ರೊಸಮ್ 1989ರ ಕ್ರಿಸ್‌ಮಸ್ ರಜೆಯಲ್ಲಿ ಪೈಥಾನ್ ಭಾಷೆಯನ್ನು ಬರೆಯಲು ಆರಂಭಿಸಿ, 1991ರಲ್ಲಿ ಲೋಕಕ್ಕೆ ಕೊಟ್ಟರು. ಮೂಲವನ್ನು ಯಾರು ಬೇಕಾದರೂ ಓದಿ ತಿದ್ದಬಹುದಾದ ಮುಕ್ತ ತಂತ್ರಾಂಶವದು. ಅದರಲ್ಲಿ ಸಾಕೆಟ್ ಸೌಲಭ್ಯ ಸೇರಿಸುವಾಗ ಹೊಸ ಬಾಗಿಲನ್ನು ಕಡೆಯಲಿಲ್ಲ. ಬರ್ಕ್ಲಿಯ ಬಾಗಿಲಿಗೇ ತೆಳುವಾದ ಬಣ್ಣ ಹಚ್ಚಿದರು. ತಪ್ಪಾದರೆ ಮೂಲದಲ್ಲಿ ಒಂದು ಸಂಖ್ಯೆ ಬಂದು ಬರೆದವನ ಗಮನ ತಪ್ಪಿಸಿಕೊಳ್ಳುತ್ತಿತ್ತು. ಪೈಥಾನಿನಲ್ಲಿ ಕ್ರಮವಿಧಿಯೇ ನಿಂತು ದೂರು ಹೇಳುತ್ತಿತ್ತು. ಕ್ಲಿಷ್ಟವಾದ ವಿಳಾಸದ ಪೆಟ್ಟಿಗೆಗೆ ಬದಲು ‘ಗಣಕದ ಹೆಸರು, ಬಾಗಿಲಿನ ಸಂಖ್ಯೆ’ ಎಂಬ ಸರಳ ಜೋಡಿ ಬಂತು. ಉಳಿದದ್ದೆಲ್ಲ ಹಳೆಯದೇ.

ಇದಕ್ಕೆ ಕಾರಣವಿತ್ತು. ಬರ್ಕ್ಲಿಯ ಪದ್ಧತಿ ಕಲಿತವರು ಪೈಥಾನಿನಲ್ಲಿ ಮತ್ತೆ ಪಾಠ ಹೇಳಿಸಿಕೊಳ್ಳಬೇಕಾಗಿರಲಿಲ್ಲ. ಹಳೆಯ ಪುಸ್ತಕವೇ ಸಾಕಾಗುತ್ತಿತ್ತು. ಭಾಷೆ ಬೇಗ ಹರಡಲು ಅದು ನೆರವಾಯಿತು. ಆದರೆ ಆಸ್ತಿಯ ಜತೆಗೆ ಸಾಲವೂ ಬಂತು. ಹತ್ತು ಸಾವಿರ ಅಕ್ಷರ ಕಳಿಸು ಎಂದರೆ ಸಾಕೆಟ್ ಒಮ್ಮೊಮ್ಮೆ ನಾಲ್ಕು ಸಾವಿರವನ್ನಷ್ಟೇ ತೆಗೆದುಕೊಂಡು, ಇಷ್ಟು ಹೋಯಿತು ಎಂದು ಹೇಳಿ ಸುಮ್ಮನಾಗುತ್ತದೆ. ಉಳಿದದ್ದನ್ನು ಮತ್ತೆ ಕಳಿಸುವ ಹೊಣೆ ಬರೆದವನದು. ಒಂದೇ ಕೋಣೆಯ ಎರಡು ಗಣಕಗಳ ನಡುವೆ ಪರೀಕ್ಷಿಸಿದಾಗ ಈ ತಪ್ಪು ಕಾಣುವುದು ಅಪರೂಪ. ನಿಧಾನವಾದ ತಂತಿಯಲ್ಲಿ ಗಿರಾಕಿಯ ಮುಂದೆಯೇ ಬಯಲಾಗುತ್ತದೆ. ಇದಕ್ಕೆ ಪೈಥಾನಿನವರು ‘ಸೆಂಡ್ ಆಲ್’ ಎಂಬ ಇನ್ನೊಂದು ಆಜ್ಞೆ ಕೊಟ್ಟರು. ಹಳೆಯ ‘ಸೆಂಡ್’ ಮಾತ್ರ ಹಾಗೆಯೇ ಉಳಿಯಿತು. ಮುಂದಿನ ರಿಪೇರಿಗಳಲ್ಲಿ ಹೆಚ್ಚಿನವು ಹಿಡಿದದ್ದು ಇದೇ ದಾರಿ: ಹಳೆಯದನ್ನು ಮುಟ್ಟಬೇಡ, ಪಕ್ಕದಲ್ಲಿ ಹೊಸದನ್ನು ಇಡು.

ಮೌನದ ಕುಂದಿಗೂ ಹೀಗೆಯೇ ಮದ್ದು ಬಂತು. 2003ರ ಪೈಥಾನ್ 2.3ರಲ್ಲಿ, ಇಷ್ಟು ಸೆಕೆಂಡು ಕಾದು ಬಿಟ್ಟುಬಿಡು ಎಂದು ಸಾಕೆಟ್ಟಿಗೆ ಹೇಳುವ ಸೌಲಭ್ಯ ಸೇರಿತು. ಆದರೆ ಏನೂ ಹೇಳದಿದ್ದರೆ ಅದು ಇಂದಿಗೂ ಅನಂತಕಾಲ ಕಾಯುತ್ತದೆ. ಹಳೆಯ ಕ್ರಮವಿಧಿಗಳು ಅದನ್ನೇ ನಂಬಿಕೊಂಡಿರಬಹುದೆಂಬ ಅಂಜಿಕೆ.

ಆಮೆಯ ನಡಿಗೆ

ವಿಳಾಸಗಳು ಒಂದು ದಿನ ತೀರಿಹೋಗುತ್ತವೆ ಎಂಬುದು 1990ರ ದಶಕದ ಆರಂಭದಲ್ಲೇ ಸ್ಪಷ್ಟವಾಗಿತ್ತು. 1995ರಲ್ಲಿ ಐಪಿಯ 6ನೆಯ ಆವೃತ್ತಿಯ ನಿಯಮಗಳು ಪ್ರಕಟವಾದವು. ಅದರ ವಿಳಾಸ 128 ಬಿಟ್ಟಿನದು. ಒಟ್ಟು ವಿಳಾಸಗಳ ಸಂಖ್ಯೆಯನ್ನು ಬರೆಯಲು 39 ಅಂಕಿಗಳು ಬೇಕು. ಬರ್ಕ್ಲಿಯವರು ‘ಕುಟುಂಬ’ಕ್ಕೆಂದು ಬಿಟ್ಟಿದ್ದ ಜಾಗ ಈಗ ಉಪಯೋಗಕ್ಕೆ ಬಂತು, ಹೊಸ ಕುಟುಂಬಕ್ಕೆ ಹೊಸ ಸಂಖ್ಯೆ ಕೊಟ್ಟರಾಯಿತು. ಆದರೆ 16 ಬೈಟಿನ ಪೆಟ್ಟಿಗೆಯಲ್ಲಿ 28 ಬೈಟಿನ ಹೊಸ ವಿಳಾಸ ಹಿಡಿಸುವುದಿಲ್ಲ. ಅಷ್ಟೇ ಅಲ್ಲ, ಹತ್ತಾರು ವರ್ಷಗಳಿಂದ ಬರೆದ ಕ್ರಮವಿಧಿಗಳಲ್ಲೆಲ್ಲ ಹಳೆಯ ಕುಟುಂಬದ ಹೆಸರನ್ನೇ ಕೆತ್ತಿಟ್ಟಿದ್ದರು. ಬಾಗಿಲು ಮಾಡಿದವರು ಬಿಟ್ಟ ಜಾಗವನ್ನು ಬಾಗಿಲು ಬಳಸಿದವರು ಮರೆತಿದ್ದರು.

ಈ ಕೆಲಸವನ್ನು ಹೆಗಲಿಗೆ ಹಾಕಿಕೊಂಡವರಲ್ಲಿ ಜಪಾನಿನ ಜುನ್‌ಇಚಿರೊ ಹಗಿನೊ ಮುಖ್ಯರು. ಗೆಳೆಯರ ವಲಯದಲ್ಲಿ ಅವರು ‘ಇಟೊಜುನ್’. ಜಪಾನಿನ ಹಲವು ಕಂಪನಿಗಳು ಕೂಡಿ 1998ರಲ್ಲಿ ಆರಂಭಿಸಿದ ‘ಕಾಮೆ’ ಯೋಜನೆಯಲ್ಲಿ ಅವರಿದ್ದರು. ಬರ್ಕ್ಲಿ ವಂಶದ ವ್ಯವಸ್ಥೆಗಳಿಗೆ ಹೊಸ ವಿಳಾಸ ಪದ್ಧತಿಯನ್ನು ಬರೆದು ಉಚಿತವಾಗಿ ಹಂಚುವುದು ಅದರ ಉದ್ದೇಶ. ‘ಕಾಮೆ’ ಎಂದರೆ ಜಪಾನೀ ಭಾಷೆಯಲ್ಲಿ ಆಮೆ. ಯೋಜನೆಯ ಜಾಲತಾಣದಲ್ಲಿ ಒಂದು ಆಮೆಯ ಚಿತ್ರವಿತ್ತು. ಹಳೆಯ ವಿಳಾಸದಿಂದ ಬಂದವರಿಗೆ ಅದು ಸುಮ್ಮನೆ ನಿಂತಿರುತ್ತಿತ್ತು. ಹೊಸ ವಿಳಾಸದಿಂದ ಬಂದವರಿಗೆ ಮಾತ್ರ ಕುಣಿಯುತ್ತಿತ್ತು.

2001ರ ಡಿಸೆಂಬರಿನಲ್ಲಿ ಬಂದ ಪೈಥಾನ್ 2.2ಕ್ಕೆ ಹೊಸ ವಿಳಾಸಗಳನ್ನು ಅರಿಯುವ ಶಕ್ತಿ ಕೊಟ್ಟವರೂ ಇಟೊಜುನ್ ಅವರೇ. ಕುಟುಂಬದ ಹೆಸರನ್ನು ಕೆತ್ತದೆ, ‘ಈ ಗಣಕವನ್ನು ತಲುಪುವ ದಾರಿಗಳೇನು’ ಎಂದು ಕೇಳಿ, ಬಂದ ಉತ್ತರಗಳನ್ನು ಒಂದೊಂದಾಗಿ ಪ್ರಯತ್ನಿಸುವ ಕ್ರಮ ಅದರಿಂದ ಸಾಧ್ಯವಾಯಿತು. ಇಲ್ಲೂ ತೊಡಕು ತಪ್ಪಲಿಲ್ಲ. ಹಳೆಯ ವಿಳಾಸ ಎರಡು ಭಾಗಗಳ ಜೋಡಿ, ಹೊಸದು ನಾಲ್ಕು ಭಾಗಗಳದು. ಎರಡೇ ಬರುತ್ತವೆ ಎಂದು ನಂಬಿ ಬರೆದ ಎಷ್ಟೋ ಕ್ರಮವಿಧಿಗಳು ನಾಲ್ಕನ್ನು ಕಂಡ ಕೂಡಲೇ ಮುಗ್ಗರಿಸಿದವು.

ಇಟೊಜುನ್ 2007ರ ಅಕ್ಟೋಬರ್ 29ರಂದು, ತಮ್ಮ 37ನೆಯ ವಯಸ್ಸಿನಲ್ಲಿ ತೀರಿಕೊಂಡರು. ಹಳೆಯ ವಿಳಾಸಗಳ ಕೇಂದ್ರ ಭಂಡಾರ ಬರಿದಾದದ್ದು 2011ರ ಫೆಬ್ರುವರಿಯಲ್ಲಿ. ದೊಡ್ಡ ಕಂಪನಿಗಳು ಹೊಸ ಪದ್ಧತಿಯನ್ನು ಶಾಶ್ವತವಾಗಿ ತೆರೆದದ್ದು 2012ರ ಜೂನ್ 6ರಂದು. 2016ರಲ್ಲಿ ಭಾರತದ ಮೊಬೈಲ್ ಜಾಲಗಳಲ್ಲಿ ಅದು ದೊಡ್ಡ ಪ್ರಮಾಣದಲ್ಲಿ ಬಂದ ಮೇಲೆ, ಹೊಸ ವಿಳಾಸಗಳನ್ನು ಅತಿ ಹೆಚ್ಚು ಬಳಸುವ ದೇಶಗಳ ಸಾಲಿಗೆ ಭಾರತವೂ ಸೇರಿತು. ಆಮೆ ಗುರಿ ಸೇರಿತು ಎನ್ನುವಂತಿಲ್ಲ; ಆದರೆ ನಡಿಗೆ ನಿಂತಿಲ್ಲ.

ಪಕ್ಕದ ಬಾಗಿಲು

ಜನಸಂದಣಿಯ ಕುಂದನ್ನು 1999ರಲ್ಲಿ ಡ್ಯಾನ್ ಕೆಗೆಲ್ ಎಂಬ ತಂತ್ರಜ್ಞರು ಒಂದು ಸವಾಲಾಗಿಯೇ ಮುಂದಿಟ್ಟರು: ಒಂದೇ ಗಣಕ ಏಕಕಾಲಕ್ಕೆ ಹತ್ತು ಸಾವಿರ ಗಿರಾಕಿಗಳನ್ನು ನೋಡಿಕೊಳ್ಳಲಾರದೇ? ಕಾರ್ಯಾಚರಣ ವ್ಯವಸ್ಥೆಗಳು ಇದಕ್ಕೆ ಹೊಸ ಉಪಾಯ ಕಂಡುಕೊಂಡವು. 2000ದಲ್ಲಿ ಫ್ರೀಬಿಎಸ್‌ಡಿಯ ‘ಕೆಕ್ಯೂ’, 2002ರಲ್ಲಿ ಲಿನಕ್ಸ್‌ನ ‘ಈಪೋಲ್’ ಬಂದವು. ಈಗ ಮಾಣಿ ಮೇಜು ಮೇಜು ಸುತ್ತಬೇಕಿಲ್ಲ. ಬೇಕಾದವರು ಗಂಟೆ ಬಾರಿಸಿದರೆ ಅಲ್ಲಿಗೆ ಹೋದರಾಯಿತು.

ಪೈಥಾನಿನಲ್ಲಿ 1999ರಿಂದ ‘ಎಸಿಂಕ್‌ಕೋರ್’ ಎಂಬ ಸೌಲಭ್ಯವಿತ್ತು. ಸ್ಯಾಮ್ ರಶಿಂಗ್ ಅವರ ಕೊಡುಗೆಯಾದ ಅದು ಹಳೆಯ ‘ಸೆಲೆಕ್ಟ್’ ಕಾಲದ ಚಿಂತನೆ. ಅದು ಸಾಲದೆಂದು ಹೊರಗಿನವರು ಟ್ವಿಸ್ಟೆಡ್, ಟೊರ್ನಾಡೊ ಮೊದಲಾದವನ್ನು ಕಟ್ಟಿಕೊಂಡರು. ಒಂದಕ್ಕೆ ಬರೆದದ್ದು ಇನ್ನೊಂದರಲ್ಲಿ ನಡೆಯದು. ಒಂದೇ ಊರಿನಲ್ಲಿ ಮೂರು ಅಳತೆಯ ಸೇರು ಇದ್ದ ಹಾಗಾಯಿತು. 2012ರ ಕೊನೆಯಲ್ಲಿ ವಾನ್ ರೊಸಮ್ ಅವರೇ ಹೊಸ ಅಡಿಪಾಯವೊಂದನ್ನು ಸೂಚಿಸಿದರು. 2014ರಲ್ಲಿ ಪೈಥಾನ್ 3.4ರೊಡನೆ ‘ಎಸಿಂಕ್‌ಐಓ’ ಬಂತು. ಇದರಲ್ಲಿ ಬರೆಯುವವರು ಸಾಕೆಟ್ಟನ್ನು ನೇರವಾಗಿ ಮುಟ್ಟುವ ಪ್ರಸಂಗವೇ ಕಡಿಮೆ; ಅರ್ಧ ಹೋದ ಮಾತು, ಸರದಿ, ಗಂಟೆ ಎಲ್ಲವನ್ನೂ ಅದೇ ನೋಡಿಕೊಳ್ಳುತ್ತದೆ. 2016ರಲ್ಲಿ ಎಸಿಂಕ್‌ಕೋರ್ ಬಳಸಬೇಡಿ ಎಂಬ ಸೂಚನೆ ಹೊರಟಿತು. ಅದು ನಿಜವಾಗಿ ಮನೆ ಬಿಟ್ಟದ್ದು 2023ರ ಪೈಥಾನ್ 3.12ರಲ್ಲಿ. ಪಕ್ಕದಲ್ಲಿ ಹೊಸ ಬಾಗಿಲು ಸಿದ್ಧವಾದ ಮೇಲೂ ಹಳೆಯದನ್ನು ಮುಚ್ಚಲು ಒಂಬತ್ತು ವರ್ಷ ಬೇಕಾಯಿತು.

ಮುರಿಯಲೇಬೇಕಾದಾಗ

ಎಲ್ಲ ಕುಂದನ್ನೂ ಪಕ್ಕದ ಬಾಗಿಲಿನಿಂದ ಸರಿಪಡಿಸಲಾಗದು. ಕೆಲವನ್ನು ಬಳಸುವವರಿಗೆ ತಿಳಿಯದಂತೆ ಒಳಗೇ ಸರಿಪಡಿಸಬಹುದು. ಗಣಕಕ್ಕೆ ನಡುವೆ ಬೇರೊಂದು ಸೂಚನೆ ಬಂದರೆ ಸಾಕೆಟ್ ಅರ್ಧಕ್ಕೇ ಕೆಲಸ ಬಿಟ್ಟು ಬರುತ್ತಿತ್ತು. ಮತ್ತೆ ಹಚ್ಚುವುದು ಬರೆದವನ ಪಾಡು. 2015ರ ಪೈಥಾನ್ 3.5ರಿಂದ ಭಾಷೆಯೇ ಮತ್ತೆ ಪ್ರಯತ್ನಿಸುತ್ತದೆ. ಷಾರ್ಲ್-ಫ್ರಾನ್ಸ್ವಾ ನತಾಲಿ ಮತ್ತು ವಿಕ್ಟರ್ ಸ್ಟಿನ್ನರ್ ಸೂಚಿಸಿದ ಈ ಬದಲಾವಣೆ ಬಂದದ್ದು ಹೆಚ್ಚಿನವರಿಗೆ ಗೊತ್ತೇ ಆಗಲಿಲ್ಲ.

ಆದರೆ ಬೀಗದ ವಿಷಯದಲ್ಲಿ ಹಾಗೆ ಗುಟ್ಟಾಗಿ ಮಾಡುವಂತಿರಲಿಲ್ಲ. ಬ್ಯಾಂಕಿನೊಡನೆ ಮಾತಾಡುವ ಕ್ರಮವಿಧಿ ತನ್ನ ಮಾತನ್ನು ಗುಪ್ತಲಿಪಿಗೆ ಇಳಿಸಿ ಕಳಿಸುತ್ತದೆ. ಜತೆಗೆ ಆ ಕಡೆಯಲ್ಲಿರುವುದು ನಿಜವಾಗಿ ಬ್ಯಾಂಕೇ ಎಂದು ಪ್ರಮಾಣಪತ್ರ ನೋಡಿ ಖಚಿತಪಡಿಸಿಕೊಳ್ಳಬೇಕು. 2014ರ ಕೊನೆಯವರೆಗೂ ಪೈಥಾನಿನ ಸ್ವಂತ ಸೌಲಭ್ಯಗಳು, ಬರೆದವರು ಕೇಳದ ಹೊರತು, ಈ ಪ್ರಮಾಣಪತ್ರವನ್ನು ಪರೀಕ್ಷಿಸುತ್ತಿರಲಿಲ್ಲ. ಲಕೋಟೆಗೆ ಅರಗು ಹಾಕಿ ಮುದ್ರೆ ಒತ್ತಿ, ದಾರಿಯಲ್ಲಿ ಕೈ ಚಾಚಿದವರಿಗೆ ಕೊಟ್ಟು ಬಂದಂತೆ.

ತಪ್ಪು ಎಲ್ಲರಿಗೂ ಗೊತ್ತಿತ್ತು. ತಿದ್ದಿದರೆ ಆಗುವ ಪರಿಣಾಮವೂ ಗೊತ್ತಿತ್ತು. ಕಚೇರಿಗಳ ಒಳಗಿನ ಎಷ್ಟೋ ಗಣಕಗಳು ತಾವೇ ಬರೆದುಕೊಂಡ ಪ್ರಮಾಣಪತ್ರ ಇಟ್ಟುಕೊಂಡಿದ್ದವು. ಪರೀಕ್ಷೆ ಶುರುವಾದರೆ ನಿನ್ನೆಯವರೆಗೆ ನಡೆದ ಕೆಲಸ ಇಂದು ಬೆಳಿಗ್ಗೆ ನಿಲ್ಲುತ್ತದೆ. ಅಲೆಕ್ಸ್ ಗೇನರ್ ಮಂಡಿಸಿದ ಪ್ರಸ್ತಾವದ ಮೇಲೆ ಚರ್ಚೆ ನಡೆದು, ಕಡೆಗೆ ಪೈಥಾನಿನವರು ಮುರಿಯುವ ದಾರಿಯನ್ನೇ ಆರಿಸಿಕೊಂಡರು. ಹಳೆಯ ಪೈಥಾನ್ 2ರ ಬಳಕೆದಾರರಿಗೂ 2014ರ ಡಿಸೆಂಬರಿನ 2.7.9ರಲ್ಲಿ ಪರೀಕ್ಷೆ ಕಡ್ಡಾಯವಾಯಿತು. ತೀರಾ ಬೇಕಾದವರು ಅದನ್ನು ತಿಳಿದೇ ಆರಿಸಿಡಬಹುದಾದ ಒಂದು ಕಿಂಡಿಯನ್ನು ಮಾತ್ರ ಬಿಟ್ಟರು. ಕೆಲಸ ನಿಂತವರಿಗೆ ಕಷ್ಟವಾದದ್ದು ನಿಜ. ಆದರೆ ಅದುವರೆಗೆ ಕೆಲಸ ನಡೆಯುತ್ತಿದೆ ಎಂದುಕೊಂಡಿದ್ದವರ ಗುಟ್ಟುಗಳು ಯಾರ ಕೈಗೆ ಸಿಗುವಂತಿದ್ದವು ಎಂಬುದನ್ನು ನೆನೆದರೆ, ನಿಂತದ್ದೇ ಮೇಲು ಎನ್ನಬೇಕಾಗುತ್ತದೆ.

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆಗೆ ಸಾಕೆಟ್ಟಿನ ಇತಿಹಾಸ ಮೇಲುನೋಟಕ್ಕೆ ಸಾಕ್ಷಿಯಂತೆ ಕಾಣುತ್ತದೆ. ಮರ ಬಗ್ಗಲಿಲ್ಲ, ನಿಜ. ಅದನ್ನು ಕಡಿಯದೆ, ಅದರ ನೆರಳಿನಲ್ಲಿದ್ದವರನ್ನು ಎಬ್ಬಿಸದೆ, ಒಂದೊಂದೇ ಕೊಂಬೆಗೆ ಊರೆ ಕೊಟ್ಟವರು ಹಲವು ದೇಶಗಳ ಜನ. ಅವರಲ್ಲಿ ಬಹಳಷ್ಟು ಮಂದಿ ಸ್ವಂತ ಬಿಡುವಿನಲ್ಲಿ, ಪ್ರತಿಫಲವಿಲ್ಲದೆ ಆ ಕೆಲಸ ಮಾಡಿದರು. 1983ರಲ್ಲಿ ಕೆಲವೇ ಜನ ತಮ್ಮ ಕಾಲಕ್ಕೆ ಸಾಕೆಂದು ಇಟ್ಟ ಅಳತೆಯನ್ನು ಸರಿಪಡಿಸಲು ನಲವತ್ತು ವರ್ಷ ಹಿಡಿಯಿತು. ಅದೇ ಜನ ವಿಳಾಸದ ಮುಂದೆ ಒಂದು ಸಂಖ್ಯೆಗೆ ಜಾಗ ಬಿಟ್ಟಿದ್ದರಿಂದ ಆ ಕೆಲಸ ಸಾಧ್ಯವೂ ಆಯಿತು. ಇಂದು ಹೊಸ ಅಚ್ಚು ಹಾಕುವವರು ನೆನಪಿಡಬೇಕಾದದ್ದು ಇವೆರಡನ್ನೂ.